ಹುಣ್ಣಿಮೆಯಿಂದ ಹುಣ್ಣಿಮೆಗೆ

ಹೊಸ್ತಿಲ ಹುಣ್ಣಿಮೆ ಹತ್ತಿರವಾಯಿತೆಂದರೆ ರಾಣೆಬೆನ್ನೂರಿನ ನಮ್ಮ ಮನೆಗೆ ಬೀಗ ಬೀಳುತ್ತಿತ್ತು. ಅಲ್ಲಿಂದ ಕಾರಹುಣ್ಣಿಮೆಯ ತನಕ, ಅಂದರೆ ಮುಂಗಾರು ಹಿಡಿಯುವವರೆಗೆ, ನಮ್ಮ ವಾಸ ಮೆಟಡೋರ್ ವ್ಯಾನಿನಲ್ಲಿ. ಅಪ್ಪನದು ಬಳೆ ವ್ಯಾಪಾರ, ಅದೂ ಜಾತ್ರೆಯಿಂದ ಜಾತ್ರೆಗೆ ತಿರುಗಿ ಮಾಡುವ ವ್ಯಾಪಾರ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರ, ಅದರ ಬೆನ್ನಿಗೆ ಕೊಟ್ಟೂರು, ವರ್ಷ ಬಿಟ್ಟು ವರ್ಷ ಶಿರಸಿಯ ಮಾರಿಕಾಂಬೆ, ದವನದ ಹುಣ್ಣಿಮೆಗೆ ಹಂಪಿ, ಬೇಸಿಗೆಯ ಕೊನೆಗೆ ಹುಲಿಗಿ. ಹಾವೇರಿ ಇನ್ನೂ ಜಿಲ್ಲೆಯಾಗದೆ ನಾವು ಧಾರವಾಡ ಜಿಲ್ಲೆಯವರಾಗಿದ್ದ ಕಾಲ ಅದು. ನಮ್ಮ ವರ್ಷ ನಡೆಯುತ್ತಿದ್ದದ್ದು ಹುಣ್ಣಿಮೆಯ ಲೆಕ್ಕದ ಮೇಲೆ.

ಜಾತ್ರೆಗಳೆಲ್ಲ ಹುಣ್ಣಿಮೆಯ ಆಸುಪಾಸಿನಲ್ಲೇ ಯಾಕೆ ಎಂದು ಒಮ್ಮೆ ಅಜ್ಜಿಯನ್ನು ಕೇಳಿದ್ದೆ. “ಚಕ್ಕಡಿ ಹೂಡ್ಕೊಂಡು ರಾತ್ರಿ ಹಾದಿ ನಡೀಬೇಕಲ್ಲವಾ, ಬೆಳದಿಂಗಳು ಬ್ಯಾಡೇನು?” ಅಂದಿದ್ದಳು. ಚಕ್ಕಡಿಯ ಕಾಲದಲ್ಲಿ ಅಜ್ಜ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದವನು. ಅಪ್ಪನ ಕಾಲಕ್ಕೆ ವ್ಯಾನು ಬಂತು. ದಾರಿ ಅದೇ, ದೇವರುಗಳೂ ಅವೇ.

ನಮ್ಮ ಮೆಟಡೋರ್ ಹಲವು ಕೈ ದಾಟಿ ಬಂದಿತ್ತು. ಜರ್ಮನಿಯ ಹಾನೊಮಾಗ್ ವ್ಯಾನಿನ ವಿನ್ಯಾಸವನ್ನು ತಂದು ಪುಣೆಯ ಬಜಾಜ್ ಟೆಂಪೋ ಕಂಪನಿ 1969ರಿಂದ ತಯಾರಿಸುತ್ತಿದ್ದ ಗಾಡಿ ಅದು. ಹಳ್ಳಿಗಳಲ್ಲಿ ಹಾಲು, ತರಕಾರಿ, ದಿಬ್ಬಣ, ಹೆರಿಗೆ ನೋವಿನ ಹೆಂಗಸರು, ಎಲ್ಲರನ್ನೂ ಹೊತ್ತ ಗಾಡಿ. ಅದರ ಹಿಂಭಾಗದ ನೆಲ ತಗ್ಗಿನಲ್ಲಿದ್ದದ್ದು ಅವ್ವನಿಗೆ ಬಹಳ ಉಪಕಾರವಾಗಿತ್ತು. ಕಂಕುಳಲ್ಲಿ ಕೂಸು, ಕೈಯಲ್ಲಿ ಕೊಡ ಇದ್ದರೂ ಆಕೆ ಯಾರ ಆಸರೆಯೂ ಇಲ್ಲದೆ ಹತ್ತಿಳಿಯುತ್ತಿದ್ದಳು. ಎಂಜಿನ್ ಇದ್ದದ್ದು ಮುಂದೆ, ಕ್ಯಾಬಿನ್ನಿನ ಒಳಗೇ. ಅದರ ಮುಚ್ಚಳದ ಮೇಲೆ ದಪ್ಪನೆಯ ಕೌದಿ ಹಾಸಿದ್ದೆವು. ಗಾಡಿ ನಿಂತು ಬಹಳ ಹೊತ್ತಿನವರೆಗೂ ಅಲ್ಲಿ ಬಿಸಿ ಉಳಿಯುತ್ತಿತ್ತು. ಪುಷ್ಯ ಮಾಸದ ಚಳಿಯಲ್ಲಿ ಆ ಜಾಗಕ್ಕಾಗಿ ನಾನೂ ತಮ್ಮನೂ ಜಗಳವಾಡುತ್ತಿದ್ದೆವು.

ಮಲಗುವ ವ್ಯವಸ್ಥೆ ಮಾಲಿನ ಮೇಲೆ ನಿಂತಿತ್ತು. ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬಂದ ಗಾಜಿನ ಬಳೆಗಳನ್ನು ಅಪ್ಪ ಹುಬ್ಬಳ್ಳಿಯ ಸಗಟು ಅಂಗಡಿಗಳಿಂದ ತರುತ್ತಿದ್ದ. ನೆಲಕ್ಕೆ ಭತ್ತದ ಹುಲ್ಲು, ಅದರ ಮೇಲೆ ಬಳೆಯ ಡಬ್ಬಿಗಳು, ಡಬ್ಬಿಗಳ ಮೇಲೆ ತೂಕ ಬೀಳದ ಹಾಗೆ ಎರಡೂ ಬದಿಯ ಕಬ್ಬಿಣದ ಪಟ್ಟಿಗೆ ಆನಿಸಿದ ಹಲಗೆಗಳು, ಹಲಗೆಗಳ ಮೇಲೆ ಕೌದಿ. ಅವ್ವ, ಅಕ್ಕ, ನಾನು ಹಿಂದೆ. ತಮ್ಮ ಮುಂದಿನ ಸೀಟಿನಲ್ಲಿ. ಬಳೆಯ ಅಳತೆ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ನಡೆಯುತ್ತದೆ. ಮೊದಲನೆಯದು ಇಂಚು, ಎರಡನೆಯದು ಇಂಚಿನ ಹದಿನಾರನೆಯ ಪಾಲು. ಹೆಚ್ಚು ಹೋಗುವ ಮಾಲು ಬಾಗಿಲ ಬಳಿ ಇರಬೇಕಾದ್ದರಿಂದ ನನ್ನ ತಲೆ ಯಾವಾಗಲೂ ಎರಡು-ಆರರ ಡಬ್ಬಿಗಳ ಮೇಲೆ. ಯಾರಾದರೂ ಮಗ್ಗುಲು ಬದಲಿಸಿದರೆ ಕೆಳಗೆ ಗಾಜು ಸಣ್ಣಗೆ ಸದ್ದು ಮಾಡುತ್ತಿತ್ತು. ಆ ಸದ್ದನ್ನು ಕೇಳಿಯೇ ಕತ್ತಲಲ್ಲಿ ಅವ್ವ ಯಾರಿಗೆ ನಿದ್ದೆ ಬಂದಿಲ್ಲವೆಂದು ಹೇಳುತ್ತಿದ್ದಳು.

ವ್ಯಾನಿನಲ್ಲಿ ಮಲಗುವುದಕ್ಕೆ ಅದರದೇ ಒಂದು ವಿದ್ಯೆ ಬೇಕು. ಅಪ್ಪ ಜಾತ್ರೆಯ ಬಯಲಿಗೆ ಬಂದೊಡನೆ ಗಾಡಿ ನಿಲ್ಲಿಸುತ್ತಿರಲಿಲ್ಲ. ಮೊದಲು ಇಳಿದು ಬಯಲನ್ನೊಮ್ಮೆ ಸುತ್ತಿ ಬರುತ್ತಿದ್ದ. ತೊಟ್ಟಿಲಿನವರ ಜನರೇಟರ್ ಎಲ್ಲಿ ಕೂರುತ್ತದೆ, ನಾಟಕದ ಕಂಪನಿಯ ಮೈಕು ಯಾವ ದಿಕ್ಕಿಗೆ ಮುಖ ಮಾಡಿದೆ, ಚಕ್ಕಡಿಗಳು ರಾತ್ರಿ ಯಾವ ದಾರಿಯಿಂದ ಬರುತ್ತವೆ, ಅಕಾಲದ ಮಳೆ ಬಿದ್ದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ನೋಡಬೇಕು. ನೆಲ ತುಸು ಇಳಿಜಾರಾಗಿದ್ದರೂ ನಿದ್ದೆಯಲ್ಲಿ ಎಲ್ಲರೂ ಒಂದೇ ಕಡೆಗೆ ಜರುಗುತ್ತೇವೆ. ಅದಕ್ಕೆ ತಲೆಯ ಕಡೆ ಎತ್ತರವಾಗುವಂತೆ ನಿಲ್ಲಿಸಿ ಗಾಲಿಗಳಿಗೆ ಕಲ್ಲು ಕೊಡಬೇಕು. ಗಾಳಿ ಆಡಲು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದೇ ಇರಬೇಕು. ಪೂರ್ತಿ ಮುಚ್ಚಿದರೆ ಬೆಳಗಿನ ಜಾವಕ್ಕೆ ನಮ್ಮ ಉಸಿರೇ ತಗಡಿನ ಚಾವಣಿಯಲ್ಲಿ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟೇ ಚಳಿಯಿದ್ದರೂ ಕೆಂಡದ ಒಲೆಯನ್ನು ಒಳಗಿಟ್ಟು ಬಾಗಿಲು ಹಾಕುವಂತಿಲ್ಲ. ಹಾಗೆ ಮಲಗಿದವರು ಏಳುವುದಿಲ್ಲವೆಂದು ಅಪ್ಪ ನಮಗೆ ಚಿಕ್ಕಂದಿನಲ್ಲೇ ಹೇಳಿದ್ದ. ಮುಚ್ಚಿದ ಜಾಗದಲ್ಲಿ ಕೆಂಡ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಶಾಲೆಯ ಮೆಟ್ಟಿಲು ಹತ್ತದ ಅಪ್ಪನಿಗೆ ಆ ಅನಿಲದ ಹೆಸರು ಗೊತ್ತಿರಲಿಲ್ಲ, ಅದರ ಕೆಲಸ ಗೊತ್ತಿತ್ತು. ಆ ತಿಳಿವಳಿಕೆಯಿಂದ ನಾವು ಬದುಕಿದೆವು.

ಬನಶಂಕರಿ ಜಾತ್ರೆ ನಮಗೆ ವರ್ಷದ ಹಬ್ಬ. ಬಾದಾಮಿಗೆ ಹತ್ತಿರದ ಚೊಳಚಗುಡ್ಡದಲ್ಲಿ ಗುಡಿ. ಎದುರಿಗೆ ಸುತ್ತಲೂ ಕಲ್ಲಿನ ಮಂಟಪಗಳಿರುವ ಹೊಂಡ. ತೇರು ಎಳೆಯುವುದು ಬನದ ಹುಣ್ಣಿಮೆಯ ದಿನ. ಅದಾಗಿ ಎರಡೇ ದಿನಕ್ಕೆ ಕೊಪ್ಪಳದಲ್ಲಿ ಗವಿಸಿದ್ಧೇಶ್ವರನ ತೇರು. ಹಾಗಾಗಿ ಜಾತ್ರೆ ವ್ಯಾಪಾರಿಗಳಲ್ಲಿ ಹಲವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದರು. ಅಪ್ಪ ಬನಶಂಕರಿಯನ್ನು ಬಿಟ್ಟವನಲ್ಲ. ತೇರು ಮುಗಿದ ಮೇಲೂ ಅಲ್ಲಿ ಜಾತ್ರೆ ವಾರಗಟ್ಟಲೆ ನಿಲ್ಲುತ್ತದೆ. ಮನೆ ಕಟ್ಟಿಸುವವರು ಬಾಗಿಲು, ಚೌಕಟ್ಟು ಕೊಳ್ಳಲು ದೂರದ ಊರುಗಳಿಂದ ಬರುತ್ತಾರೆ. ನಾಟಕದ ಕಂಪನಿಗಳು ಒಂದರ ಪಕ್ಕ ಒಂದು ಡೇರೆ ಹಾಕಿ ರಾತ್ರಿಯಿಡೀ ಆಡುತ್ತವೆ. ನಮ್ಮ ವ್ಯಾನಿಗೆ ಎರಡು ಕಂಪನಿಗಳ ಮೈಕಿನ ಧ್ವನಿ ಎರಡೂ ಕಡೆಯಿಂದ ಬರುತ್ತಿತ್ತು. ಒಂದರಲ್ಲಿ ಸೊಸೆ ಅಳುತ್ತಿದ್ದರೆ ಇನ್ನೊಂದರಲ್ಲಿ ಗೌಡ ಗುಡುಗುತ್ತಿದ್ದ. ಟಿಕೆಟಿಗೆ ದುಡ್ಡಿಲ್ಲದೆಯೂ ಎಷ್ಟೋ ನಾಟಕಗಳ ಮಾತುಗಳು ನಮಗೆ ಬಾಯಿಪಾಠವಾಗಿದ್ದವು. ಹಗಲು ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಂದು ಮಾರುತ್ತಿದ್ದರು. ಒಂದು ರೊಟ್ಟಿ ಊಟಕ್ಕೆ ಪ್ರತಿಯಾಗಿ ಅರ್ಧ ಡಜನ್ ಹಸಿರು ಬಳೆ, ಅವ್ವನೂ ಅವರೂ ಮಾಡಿಕೊಂಡಿದ್ದ ಒಪ್ಪಂದ. ಉಳಿದ ದಿನ ಊರಿನಿಂದ ಕಟ್ಟಿಕೊಂಡು ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಪಂಪ್ ಸ್ಟೋವಿನ ಮೇಲೆ ಮಾಡಿದ ಬೇಳೆಸಾರು.

ಮೈಲಾರದಲ್ಲಿ ತುಂಗಭದ್ರೆ ಹತ್ತಿರವಿದ್ದದ್ದರಿಂದ ನೀರಿನ ಚಿಂತೆ ಇರುತ್ತಿರಲಿಲ್ಲ. ಧೂಳು ಮಾತ್ರ ವಿಪರೀತ. ಕಾರಣಿಕದ ದಿನ ಅಪ್ಪ ಅಂಗಡಿಗೆ ತಾಡಪತ್ರಿ ಮುಚ್ಚಿ ವ್ಯಾನಿನ ಮೇಲಿನ ಕ್ಯಾರಿಯರ್ ಹತ್ತಿ ಕೂರುತ್ತಿದ್ದ, ನಮ್ಮನ್ನೂ ಹತ್ತಿಸುತ್ತಿದ್ದ. ಕಂಬಳಿ ತೊಟ್ಟ ಗೊರವಪ್ಪ ಎತ್ತರದ ಬಿಲ್ಲನ್ನೇರಿ ನಿಂತಾಗ ಲಕ್ಷಾಂತರ ಜನ ಒಮ್ಮೆಗೇ ಮೌನವಾಗುತ್ತಾರೆ. ಅವನು ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಮರುಕ್ಷಣವೇ ಆ ಸಾಲಿನ ಅರ್ಥಕ್ಕೆ ಚರ್ಚೆ ಶುರು. ಮಳೆ ಬಂದೀತೇ, ಬೆಳೆ ಆದೀತೇ ಎನ್ನುವುದು ರೈತರ ಪ್ರಶ್ನೆಯಾಗಿದ್ದಷ್ಟೇ ನಮ್ಮದೂ ಆಗಿತ್ತು. ಹೊಲದಲ್ಲಿ ಜೋಳ, ಹತ್ತಿ ಚೆನ್ನಾಗಿ ಬಂದ ವರ್ಷ ಹೆಣ್ಣುಮಕ್ಕಳು ಎರಡೂ ಕೈ ಚಾಚಿ ಮೊಳಕೈ ಕಡೆಗೆ ತೋರಿಸಿ, “ಇಲ್ಲೀಮಟ ಇಡ್ರಿ” ಅನ್ನುತ್ತಿದ್ದರು. ಬರ ಬಿದ್ದ ವರ್ಷ ಮುತ್ತೈದೆತನಕ್ಕೆ ನಾಲ್ಕು ಬಳೆ ಇಡಿಸಿಕೊಂಡು ಎದ್ದುಬಿಡುತ್ತಿದ್ದರು. ನಾಡಿನ ಬೆಳೆಯ ವರದಿಯನ್ನು ಅಪ್ಪ ಮಣಿಕಟ್ಟುಗಳ ಮೇಲೆ ಓದುತ್ತಿದ್ದ.

ದವನದ ಹುಣ್ಣಿಮೆ ದಾಟಿತೆಂದರೆ ವ್ಯಾನಿನ ಬದುಕು ಕಠಿಣವಾಗುತ್ತಿತ್ತು. ಹಂಪಿಯ ಬಂಡೆಗಳು ಹಗಲು ಕುಡಿದ ಬಿಸಿಲನ್ನು ರಾತ್ರಿಯಿಡೀ ಬಿಡುತ್ತವೆ. ತಗಡಿನ ಗಾಡಿಯೊಳಗೆ ನಡುರಾತ್ರಿಯವರೆಗೆ ಕಾಲಿಡಲಾಗುತ್ತಿರಲಿಲ್ಲ. ಸಂಜೆ ಗೋಣಿಚೀಲಗಳನ್ನು ನೀರಿನಲ್ಲಿ ಅದ್ದಿ ಚಾವಣಿಯ ಮೇಲೆ ಹರವುವುದು ನನ್ನ, ಅಕ್ಕನ ಕೆಲಸ. ಹಿಂದಿನ ಬಾಗಿಲು ತೆರೆದು ಅವ್ವನ ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟುತ್ತಿದ್ದೆವು. ಅಪ್ಪ ಅಂಗಡಿಯ ಮುಂದೆ ನೆಲದ ಮೇಲೇ ಮಲಗುತ್ತಿದ್ದ, ಮಾಲು ಕಾಯಲಿಕ್ಕೂ ಆಯಿತು, ಗಾಳಿಗೂ ಆಯಿತು ಎಂದು. ಆಕಾಶದ ಕೆಳಗೆ ಮಲಗುವ ಆ ಸುಖ ಹೆಂಗಸರ ಪಾಲಿಗೆ ಇರಲಿಲ್ಲ.

ಹೆಂಗಸರ ಪಾಲಿಗೆ ಇಲ್ಲದ್ದು ಇನ್ನೂ ಎಷ್ಟೋ. ಈ ಬರಹವನ್ನು ನಾನು ಮುಖ್ಯವಾಗಿ ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಅವ್ವ ಸಂಜೆಯಾದ ಮೇಲೆ ನೀರು ಕುಡಿಯುತ್ತಿರಲಿಲ್ಲ. ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಅಕ್ಕಪಕ್ಕದ ಗಾಡಿಗಳ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಎಬ್ಬಿಸಿ, ಲಾಟೀನು ಹಿಡಿದು, ಗುಂಪಾಗಿ ಜಾಲಿಗಿಡಗಳ ಮರೆಗೆ ಹೋಗಿ ಬರುತ್ತಿದ್ದರು. ಹೊತ್ತು ಹುಟ್ಟಿದ ಮೇಲೆ ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಜಾತ್ರೆಯ ಕೊನೆಗೆ ಅವ್ವನಿಗೆ ಉರಿಮೂತ್ರ, ಕಿಬ್ಬೊಟ್ಟೆ ನೋವು ತಪ್ಪದೆ ಬರುತ್ತಿದ್ದವು. ಆಕೆ ಅದನ್ನು ಜಾತ್ರೆಯ ಉಷ್ಣ ಎನ್ನುತ್ತಿದ್ದಳು. ನೀರು ಕುಡಿಯದೆ, ಮೂತ್ರ ತಡೆದು ಬಂದ ಸೋಂಕು ಅದೆಂದು ವೈದ್ಯರು ಹೇಳುವ ಹೊತ್ತಿಗೆ ಆಕೆಗೆ ವಯಸ್ಸಾಗಿತ್ತು. ನಮಗೆ ಅನ್ನ ಕೊಟ್ಟ ವ್ಯಾನಿನ ಬದುಕಿಗೆ ಅವ್ವ ತನ್ನ ದೇಹದಿಂದ ತೆರಿಗೆ ಕಟ್ಟಿದ್ದಳು.

ನಾನು ದೊಡ್ಡವಳಾದದ್ದು ಕೊಟ್ಟೂರಿನ ಜಾತ್ರೆಯಲ್ಲಿ, ಗುರುಬಸವೇಶ್ವರನ ತೇರಿನ ಹಿಂದಿನ ದಿನ. ಬಯಲ ತುಂಬ ಜನ, ನಮ್ಮ ಬಳಿ ಇದ್ದದ್ದು ಆ ವ್ಯಾನು ಮಾತ್ರ. ಅವ್ವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಪಕ್ಕದ ಗಾಡಿಯ ಬೆಂಡು ಬತ್ತಾಸಿನ ಚಿಗವ್ವ ಬಂದಳು, ಆಟದ ಸಾಮಾನಿನ ಚಾಚಾನ ಹೆಂಡತಿ ಬಂದಳು, ಕಬ್ಬಿಣದ ಸಾಮಾನು ಮಾರುವವರ ಮನೆಯ ಮುದುಕಿ ಬಂದಳು. ಎರಡು ಗಾಡಿಗಳ ನಡುವೆ ಸೀರೆಗಳನ್ನು ಕಟ್ಟಿ ಬಚ್ಚಲು ಮಾಡಿದರು. ಕೊಡಗಟ್ಟಲೆ ನೀರು ಯಾರ್‍ಯಾರ ಗಾಡಿಯಿಂದಲೋ ಬಂತು. ಸ್ಟೋವಿನ ಮೇಲೆ ನೀರು ಕಾಯಿಸಿ ಎರೆದರು. ರಾತ್ರಿ ವ್ಯಾಪಾರ ಮುಗಿದ ಮೇಲೆ ವ್ಯಾನಿನ ಹಿಂಬಾಗಿಲಲ್ಲಿ ಕೂರಿಸಿ ಆರತಿ ಮಾಡಿದರು. ಚಾಚಿ ತಂದ ಕೊಬ್ಬರಿ, ಚಿಗವ್ವನ ಬತ್ತಾಸು ಉಡಿಗೆ ಬಿದ್ದವು. ಅಪ್ಪ ಒಂದು ಮಾತೂ ಆಡದೆ ಅಂಗಡಿಯಲ್ಲಿದ್ದ ಒಳ್ಳೆಯ ಹಸಿರು ಬಳೆಗಳ ಡಬ್ಬಿಯನ್ನೇ ಕಳಿಸಿದ. ನಾಲ್ಕು ಗೋಡೆಯ ಮನೆಯಲ್ಲಿ ಇದ್ದಿದ್ದರೆ ನನಗೆ ಇದಕ್ಕಿಂತ ದೊಡ್ಡ ಸಮಾರಂಭ ನಡೆಯುತ್ತಿತ್ತೇನೋ, ಇದಕ್ಕಿಂತ ದೊಡ್ಡ ಮನಸ್ಸುಗಳು ಸೇರುತ್ತಿರಲಿಲ್ಲ. ಜಾತ್ರೆಯ ಬಯಲಲ್ಲಿ ಜಾತಿ, ಧರ್ಮ ಕೇಳಿ ನೀರು ಕೊಟ್ಟವರನ್ನು ನಾನು ಕಾಣಲಿಲ್ಲ. ಒಂದೇ ಸಾಲಿನಲ್ಲಿ ನಿಂತ ಗಾಡಿಗಳವರೆಲ್ಲ ಒಂದೇ ಓಣಿಯವರು. ಈಗ ಯಾರ ಅಂಗಡಿ ಯಾವ ಜಾತ್ರೆಯಲ್ಲಿರಬೇಕು, ಇರಬಾರದು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ರಾತ್ರಿ ನನ್ನ ತಲೆಗೆ ನೀರೆರೆದ ಕೈಗಳು ನೆನಪಾಗಿ ಸಂಕಟವಾಗುತ್ತದೆ.

ಆ ವರ್ಷದಿಂದ ಅವ್ವ ನನ್ನನ್ನೂ ಅಕ್ಕನನ್ನೂ ಅಜ್ಜಿಯ ಮನೆಯಲ್ಲಿ ಬಿಟ್ಟಳು. ಅದಕ್ಕೆ ಮುಂಚೆ ನಮ್ಮ ಶಾಲೆ ಅರ್ಧ ಊರಲ್ಲಿ, ಅರ್ಧ ಗಾಡಿಯಲ್ಲಿ ನಡೆದಿತ್ತು. ನಮ್ಮ ದೊಡ್ಡ ಜಾತ್ರೆಗಳಲ್ಲಿ ಹೆಚ್ಚಿನವು ಜನವರಿಯಿಂದ ಮಾರ್ಚ್ ಒಳಗೆ. ಪಾಠ ಮುಗಿಸಿ ಪರೀಕ್ಷೆಗೆ ಸಿದ್ಧರಾಗುವ ತಿಂಗಳುಗಳೂ ಅವೇ. ಒಬ್ಬ ಮಾಸ್ತರರು ಹೊರಡುವ ಮುಂಚೆ ನನ್ನ ನೋಟುಬುಕ್ಕಿನಲ್ಲಿ ಯಾವ ಜಾತ್ರೆಗೆ ಯಾವ ಪಾಠ ಎಂದು ಬರೆದುಕೊಡುತ್ತಿದ್ದರು. ಬನಶಂಕರಿಗೆ ಭಿನ್ನರಾಶಿ, ಮೈಲಾರಕ್ಕೆ ವಿಜಯನಗರದ ಅರಸರು. ತೊಟ್ಟಿಲಿನ ದೀಪದ ಬೆಳಕು ವ್ಯಾನಿನ ಕಿಟಕಿಗೆ ಬೀಳುವಷ್ಟು ಹೊತ್ತು ಓದುತ್ತಿದ್ದೆ. ಅವರ ದಯೆಯಿಂದ ನನಗೆ ಓದು ದಕ್ಕಿತು. ಚಾಚಾನ ಮಗನಿಗೆ, ಚಿಗವ್ವನ ಹೆಣ್ಣುಮಕ್ಕಳಿಗೆ ಅಂಥ ಮಾಸ್ತರರು ಸಿಗಲಿಲ್ಲ. ಹಾಜರಿ ಕಡಿಮೆಯೆಂದು ಹೆಸರು ಹೊಡೆದುಹೋಯಿತು. ಆ ಹುಡುಗ ನನಗಿಂತ ಚುರುಕಾಗಿ ಲೆಕ್ಕ ಮಾಡುತ್ತಿದ್ದ. ಶಿಕ್ಷಣ ಮಕ್ಕಳ ಹಕ್ಕು ಎಂದು ಕಾಯ್ದೆಯಾದದ್ದು 2009ರಲ್ಲಿ. ಇವತ್ತಿಗೂ ಜಾತ್ರೆ ಬಯಲಲ್ಲಿ ಶಾಲೆಯ ಹೊತ್ತಿನಲ್ಲಿ ತಕ್ಕಡಿ ಹಿಡಿದ, ಬಲೂನು ಊದುವ ಮಕ್ಕಳನ್ನು ಕಂಡಾಗ ನಾನು ಹೆಸರು ಕೇಳುತ್ತೇನೆ, ಯಾವ ಕ್ಲಾಸು ಎಂದು ಕೇಳುತ್ತೇನೆ. ಹೆಸರು ಥಟ್ಟನೆ ಹೇಳುತ್ತಾರೆ. ಎರಡನೆಯ ಪ್ರಶ್ನೆಗೆ ತಾಯಿಯ ಮುಖ ನೋಡುತ್ತಾರೆ.

ಅಪ್ಪ ಹೋದ ಮೇಲೆ ತಮ್ಮ ಅದೇ ದಾರಿ ಹಿಡಿದ. ಮೆಟಡೋರ್ ಗುಜರಿಗೆ ಹೋಯಿತು, ಅದರ ಜಾಗಕ್ಕೆ ಹೊಸ ಗಾಡಿ ಬಂತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಜಾತ್ರೆಗಳೆಲ್ಲ ನಿಂತಾಗ ಅವನು ಬೇಸಿಗೆಗೆಂದು ತುಂಬಿಸಿದ್ದ ಮಾಲು ಹಾಗೆಯೇ ಉಳಿಯಿತು. ಅವನ ಕೆಲವು ಜೊತೆಗಾರರ ಗಾಡಿಗಳು ದಾರಿಯಲ್ಲೇ ಯಾವುದೋ ಊರಿನ ಅಂಚಿನಲ್ಲಿ ತಿಂಗಳುಗಟ್ಟಲೆ ನಿಂತವು. ಊರಿನವರಲ್ಲಿ ಕೆಲವರು ಅಕ್ಕಿ, ಬೇಳೆ ಕೊಟ್ಟರು; ಕೆಲವರು ಹೊರಗಿನವರೆಂದು ಬಾವಿಗೆ ಬಿಡಲಿಲ್ಲ. ವರ್ಷವೂ ಜಾತ್ರೆಗೆ ಬಂದು ಅದೇ ಊರಿನ ಹೆಣ್ಣುಮಕ್ಕಳಿಗೆ ಬಳೆ ಇಟ್ಟವರು ಅವರು.

ವ್ಯಾನಿನಲ್ಲಿ ಬದುಕುವುದು ಈಗ ಹೊಸ ಆಕರ್ಷಣೆಯಾಗಿದೆ. ಹಾಸಿಗೆ, ಒಲೆ, ಸೋಲಾರ್ ಹಲಗೆ ಜೋಡಿಸಿಕೊಂಡು ದೇಶ ಸುತ್ತುವ ಯುವಕ ಯುವತಿಯರ ವಿಡಿಯೊಗಳನ್ನು ನನ್ನ ಮಗಳು ತೋರಿಸುತ್ತಾಳೆ. ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಚಾವಣಿಯ ಹನಿ, ಇಳಿಜಾರಿನ ನಿದ್ದೆ, ಬಿಸಿ ತಗಡು, ಅವರು ಹೇಳುವುದೆಲ್ಲ ನನಗೆ ಗೊತ್ತಿರುವುದೇ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಮಾಡಿತು. ಅಂಥ ಗಾಡಿಗಳು ತಂಗುವ ಜಾಗದಲ್ಲಿ ನೀರು, ವಿದ್ಯುತ್, ಶೌಚಾಲಯ, ರಾತ್ರಿಯ ಭದ್ರತೆ ಇರಬೇಕೆಂದು ಎಲ್ಲರೂ ಒಪ್ಪುತ್ತಾರೆ. ಒಪ್ಪಬೇಕಾದ್ದೇ. ಗಾಡಿಯಲ್ಲಿ ಮಲಗುವ ಮನುಷ್ಯನಿಗೆ ಏನು ಬೇಕೆಂಬುದು ಹಾಗಾದರೆ ನಮಗೆ ಗೊತ್ತಿದೆ. ವಿರಾಮಕ್ಕಾಗಿ ಮಲಗುವವರಿಗೆ ಬೇಕಾದದ್ದು ಹೊಟ್ಟೆಪಾಡಿಗೆ ಮಲಗುವವರಿಗೂ ಬೇಕು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣದ ವ್ಯಾಪಾರಿಗೆ ಪ್ರಮಾಣಪತ್ರ, ಗುರುತಿನ ಚೀಟಿ, ಕೂರುವ ಜಾಗದ ಹಕ್ಕು ತಂದಿತು. ದೊಡ್ಡ ಹೆಜ್ಜೆಯೇ. ಆದರೆ ಜಾತ್ರೆಗಳಲ್ಲಿ ಎಷ್ಟೋ ನಡೆಯುವುದು ಗ್ರಾಮ ಪಂಚಾಯಿತಿಯ ನೆಲದಲ್ಲಿ, ಮತ್ತು ಆ ಕಾಯ್ದೆಯ ಗಮನ ಮಾರುವ ಜಾಗದ ಮೇಲೆ. ಮಾರಿದವರು ರಾತ್ರಿ ಎಲ್ಲಿ ಮಲಗುತ್ತಾರೆ? ನೆಲಬಾಡಿಗೆಯನ್ನು ನಾವು ಯಾವತ್ತೂ ಕಟ್ಟಿದ್ದೇವೆ. ಅಂಗಡಿ ಜಾಗದ ಹರಾಜಿನ ಹಣ ಊರಿಗೆ, ಗುಡಿಗೆ ಸೇರಿದೆ. ಹೀಗಿದ್ದೂ ನಡುರಾತ್ರಿ ಬಾಗಿಲು ಬಡಿದು ಗಾಡಿ ತೆಗೆಯಿರಿ ಎಂದವರ ಮುಂದೆ ನಿದ್ದೆಗಣ್ಣಿನ ಮಕ್ಕಳನ್ನು ಅವುಚಿಕೊಂಡು ಅವ್ವ ಇಳಿದು ನಿಂತದ್ದುಂಟು. ಕೊಂಡವರು ಮನೆಗೆ ಹೋಗುತ್ತಾರೆ. ಮಾರಿದವರಿಗೆ ಆ ಬಯಲೇ ಮನೆ.

ಜಾತ್ರೆ ಸಮಿತಿಗಳಲ್ಲಿರುವ ಹಿರಿಯರಿಗೆ, ಪಂಚಾಯಿತಿಯ ಸದಸ್ಯರಿಗೆ, ವಿಶೇಷವಾಗಿ ಅಲ್ಲಿರುವ ಹೆಣ್ಣುಮಕ್ಕಳಿಗೆ ನನ್ನದೊಂದು ಬೇಡಿಕೆ. ತೇರಿನ ಮಿಣಿ, ಕುಡಿಯುವ ನೀರಿನ ಟ್ಯಾಂಕರ್, ಪೊಲೀಸ್ ಬಂದೋಬಸ್ತು, ದಾಸೋಹದ ಅಕ್ಕಿ ಎಂದು ಪಟ್ಟಿ ಮಾಡಲು ಕೂತಾಗ ಇನ್ನೂ ಕೆಲವು ಸಾಲು ಸೇರಿಸಿ: ವ್ಯಾಪಾರಿಗಳ ಗಾಡಿ ನಿಲ್ಲಲು ಗುರುತು ಮಾಡಿದ ಒಂದು ಬಯಲು, ಅಲ್ಲಿ ರಾತ್ರಿ ಉರಿಯುವ ದೀಪ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ನೀರಿರುವ ಹೆಂಗಸರ ಶೌಚಾಲಯ, ಹಗಲು ಮಕ್ಕಳನ್ನು ಕೂರಿಸಿ ಓದಿಸುವ ಒಬ್ಬ ಶಿಕ್ಷಕಿ, ಒಂದು ಡೇರೆ. ನಾವು ಕಟ್ಟುವ ನೆಲಬಾಡಿಗೆಯಲ್ಲೇ ಇದರ ಬಹುಪಾಲು ಆಗುತ್ತದೆ. ನಿಮ್ಮ ಊರಿನ ಜಾತ್ರೆಗೆ ಬಣ್ಣ ತರುವ ಬಳೆಗಾರ್ತಿ ಸಂಜೆ ಬಾಯಾರಿದಾಗ ಹೆದರದೆ ಒಂದು ಲೋಟ ನೀರು ಕುಡಿಯುವಂತಾಗಬೇಕು. ನಾನು ಕೇಳುತ್ತಿರುವುದು ಅಷ್ಟನ್ನೇ, ಮತ್ತು ಅದನ್ನು ಮುಂದಿನ ಬನದ ಹುಣ್ಣಿಮೆಯ ಒಳಗೆ ಕೇಳುತ್ತಿದ್ದೇನೆ.